ಕಲ್ಲಿನಿಂದ ಬಂದ ಮದ್ದು: ಲಿಥಿಯಂ, ಮೂತ್ರಪಿಂಡ ಮತ್ತು ಇಳಿವಯಸ್ಸಿನ ಖಿನ್ನತೆ

ಮೂತ್ರಕೋಶದ ಕಲ್ಲನ್ನು ಕರಗಿಸುವ ಮದ್ದೆಂದು ವೈದ್ಯರು ಕೈಗೆತ್ತಿಕೊಂಡ ಒಂದು ವಸ್ತು, ಸುಮಾರು ನೂರು ವರ್ಷಗಳ ಬಳಿಕ ಮನಸ್ಸಿನ ಕಾಯಿಲೆಯ ಮದ್ದಾಯಿತು. ಅದಾಗಿ ಮೂವತ್ತು ವರ್ಷ ಕಳೆಯುವ ಮೊದಲೇ ಅದೇ ವಸ್ತು ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬ ಆರೋಪಕ್ಕೆ ಗುರಿಯಾಯಿತು. ಲಿಥಿಯಂ ಎಂಬ ಈ ಲೋಹದ ಉಪ್ಪಿನ ಚರಿತ್ರೆ ಇಷ್ಟೂ ತಿರುವುಗಳನ್ನು ಕಂಡಿದೆ. ಇಂದು ಲಿಥಿಯಂ ಎಂದರೆ ನಮಗೆ ಮೊದಲು ನೆನಪಾಗುವುದು ಮೊಬೈಲ್ ಫೋನಿನ ಬ್ಯಾಟರಿ. ಆದರೆ ಬ್ಯಾಟರಿಯ ಕಾಲಕ್ಕಿಂತ ಬಹಳ ಮೊದಲೇ ಅದು ಲಕ್ಷಾಂತರ ರೋಗಿಗಳ ಮನಸ್ಸನ್ನು ಹದಕ್ಕೆ ತಂದಿತ್ತು.

ಈ ಚರಿತ್ರೆಯನ್ನು ಈಗ ನೆನಪಿಸಿಕೊಳ್ಳಲು ಒಂದು ಕಾರಣವಿದೆ. ನಮ್ಮ ಮನೆಗಳಲ್ಲಿ ವೃದ್ಧರ ಸಂಖ್ಯೆ ಹೆಚ್ಚುತ್ತಿದೆ. ಅವರಲ್ಲಿ ಹಲವರನ್ನು ಖಿನ್ನತೆ ಕಾಡುತ್ತದೆ. ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಯಾರೊಂದಿಗೂ ಮಾತು ಬೇಡವೆನಿಸುವುದು, ಬದುಕೇ ಸಾಕೆನ್ನುವುದು - ಇವೆಲ್ಲವನ್ನೂ 'ವಯಸ್ಸಾಯಿತಲ್ಲ' ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ರೂಢಿ. ವೈದ್ಯರ ಬಳಿಗೆ ಹೋದವರಲ್ಲೂ ಕೆಲವರಿಗೆ ಸಾಮಾನ್ಯ ಮಾತ್ರೆಗಳು ಫಲ ಕೊಡುವುದಿಲ್ಲ. ಆಗ ವೈದ್ಯರ ಮುಂದಿರುವ ಕೆಲವೇ ದಾರಿಗಳಲ್ಲಿ ಲಿಥಿಯಂ ಒಂದು. ಹೆಸರು ಕೇಳಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ: "ಅದರಿಂದ ಕಿಡ್ನಿ ಹೋಗುವುದಿಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರವಿಲ್ಲ. ಉತ್ತರ ಇರುವುದು ಈ ಮದ್ದಿನ ಚರಿತ್ರೆಯಲ್ಲಿ.

ಸ್ವೀಡನ್ನಿನ ಕಲ್ಲು

1817ರಲ್ಲಿ ಸ್ವೀಡನ್ನಿನ ಯುವ ರಸಾಯನಶಾಸ್ತ್ರಜ್ಞ ಯೋಹಾನ್ ಆಗಸ್ಟ್ ಆರ್ಫ್ವೆಡ್‌ಸನ್, ತನ್ನ ಗುರು ಬರ್ಜೀಲಿಯಸ್‌ನ ಪ್ರಯೋಗಶಾಲೆಯಲ್ಲಿ ಪೆಟಲೈಟ್ ಎಂಬ ಖನಿಜವನ್ನು ವಿಶ್ಲೇಷಿಸುತ್ತಿದ್ದ. ಊಟೊ ಎಂಬ ದ್ವೀಪದ ಗಣಿಯಿಂದ ಬಂದ ಕಲ್ಲದು. ಅದರಲ್ಲಿದ್ದ ಎಲ್ಲ ವಸ್ತುಗಳನ್ನು ಕೂಡಿಸಿ ತೂಗಿದರೂ ಲೆಕ್ಕ ತಾಳೆಯಾಗಲಿಲ್ಲ. ಆ ಕೊರತೆಯ ಬೆನ್ನು ಹತ್ತಿದಾಗ ಸಿಕ್ಕಿದ್ದು ಹೊಸ ಮೂಲವಸ್ತು. ಸೋಡಿಯಂ, ಪೊಟ್ಯಾಸಿಯಂಗಳ ಸೋದರ ಸಂಬಂಧಿಯಾದ ಇದು ಕಲ್ಲಿನಲ್ಲಿ ದೊರೆತ ಕಾರಣ, ಕಲ್ಲು ಎಂಬ ಅರ್ಥದ ಗ್ರೀಕ್ ಪದದಿಂದ ಲಿಥಿಯಂ ಎಂಬ ಹೆಸರು ಪಡೆಯಿತು. ಇಂಥ ಕಲ್ಲು ನಮ್ಮಲ್ಲೂ ಇದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲ - ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ನಿಕ್ಷೇಪವಿರಬಹುದೆಂಬ ಅಂದಾಜನ್ನು ಕೇಂದ್ರ ಸರಕಾರ 2021ರಲ್ಲಿ ಪ್ರಕಟಿಸಿತ್ತು.

1840ರ ದಶಕದಲ್ಲಿ ಯುರೋಪಿನ ವೈದ್ಯರು ಒಂದು ಸಂಗತಿ ಗಮನಿಸಿದರು. ಮೂತ್ರಕೋಶದ ಕಲ್ಲುಗಳಲ್ಲಿ ಹಲವು ಯೂರಿಕ್ ಆಮ್ಲದಿಂದ ಆದವು. ಅವನ್ನು ಲಿಥಿಯಂ ದ್ರಾವಣದಲ್ಲಿ ಇಟ್ಟರೆ ಕರಗುತ್ತವೆ. ಲಂಡನ್ನಿನ ಆಲ್ಫ್ರೆಡ್ ಬೇರಿಂಗ್ ಗ್ಯಾರೋಡ್ ಎಂಬ ವೈದ್ಯ ಗೌಟ್ ಎಂಬ ಸಂಧಿವಾತದ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ಕಂಡುಹಿಡಿದು, 1859ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ರೋಗಕ್ಕೆ ಲಿಥಿಯಂ ಶಿಫಾರಸು ಮಾಡಿದ. ಹೀಗೆ ಲಿಥಿಯಂ ವೈದ್ಯಶಾಸ್ತ್ರದ ಬಾಗಿಲು ದಾಟಿತು.

ಲೋಟದಲ್ಲಿ ಕರಗಿದ ಕಲ್ಲು ದೇಹದಲ್ಲಿ ಕರಗಲಿಲ್ಲ. ಅಲ್ಲಿ ಅದನ್ನು ಕರಗಿಸುವಷ್ಟು ಲಿಥಿಯಂ ಕೊಟ್ಟರೆ ಕಲ್ಲಿಗಿಂತ ಮೊದಲು ಮನುಷ್ಯನೇ ಕರಗಿಹೋಗುತ್ತಾನೆ. ಆದರೂ ಯೂರಿಕ್ ಆಮ್ಲದ ಸಿದ್ಧಾಂತ ಬೆಳೆಯುತ್ತಲೇ ಹೋಯಿತು. ಮೈಕೈ ನೋವಿನಿಂದ ಮನಸ್ಸಿನ ಬೇನೆಯವರೆಗೆ ಎಲ್ಲಕ್ಕೂ ಅದೇ ಕಾರಣವೆಂದು ಹೇಳಲಾಯಿತು. ಡೆನ್ಮಾರ್ಕಿನ ಕಾರ್ಲ್ ಲಾಂಗೆ 1886ರಲ್ಲಿ, ಕಾಲಕಾಲಕ್ಕೆ ಮರುಕಳಿಸುವ ಖಿನ್ನತೆಗೂ ಯೂರಿಕ್ ಆಮ್ಲವೇ ಮೂಲವೆಂದು ವಾದಿಸಿ ಅಂಥ ರೋಗಿಗಳಿಗೆ ಲಿಥಿಯಂ ಕೊಟ್ಟ. ಅವನ ಸಹೋದರ ಫ್ರಿಟ್ಜ್ ಲಾಂಗೆ ಮಾನಸಿಕ ಆಸ್ಪತ್ರೆಯ ರೋಗಿಗಳಿಗೂ ಅದನ್ನೇ ಕೊಟ್ಟು 1894ರಲ್ಲಿ ವರದಿ ಪ್ರಕಟಿಸಿದ. ಸಿದ್ಧಾಂತ ತಪ್ಪಾಗಿತ್ತು, ಮದ್ದು ಬಹುಶಃ ಸರಿಯಾಗಿತ್ತು. ಸಿದ್ಧಾಂತ ಬಿದ್ದಾಗ ಮದ್ದೂ ಅದರೊಂದಿಗೆ ಮರೆವಿಗೆ ಸಂದಿತು.

ಉಳಿದದ್ದು ವ್ಯಾಪಾರ. ಲಿಥಿಯಂ ಇದೆಯೆನ್ನಲಾದ ಚಿಲುಮೆಗಳ ನೀರನ್ನು ಬಾಟಲಿಗಳಲ್ಲಿ ತುಂಬಿ ಸರ್ವರೋಗ ನಿವಾರಕವೆಂದು ಮಾರಲಾಯಿತು. 1929ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ಮುಂದೆ ಸೆವೆನ್ ಅಪ್ ಎಂದು ಹೆಸರಾದ ನಿಂಬೆ ಪಾನೀಯದಲ್ಲಿಯೂ 1940ರ ದಶಕದ ಕೊನೆಯವರೆಗೆ ಲಿಥಿಯಂ ಸಿಟ್ರೇಟ್ ಇತ್ತು.

ಉಪ್ಪಿನ ಬದಲಿಗೆ ಉಪ್ಪು

1940ರ ದಶಕದಲ್ಲಿ ಹೃದ್ರೋಗಿಗಳಿಗೂ ರಕ್ತದೊತ್ತಡದವರಿಗೂ ಕಿಡ್ನಿ ರೋಗಿಗಳಿಗೂ ಉಪ್ಪು ಬಿಡುವಂತೆ ವೈದ್ಯರು ಹೇಳತೊಡಗಿದ್ದರು. ಉಪ್ಪಿಲ್ಲದ ಊಟ ಯಾರಿಗೆ ರುಚಿಸುತ್ತದೆ? ಲಿಥಿಯಂ ಕ್ಲೋರೈಡ್ ರುಚಿಯಲ್ಲಿ ಅಡುಗೆ ಉಪ್ಪನ್ನು ಹೋಲುತ್ತದೆ, ಅದರಲ್ಲಿ ಸೋಡಿಯಂ ಇಲ್ಲ. ಹಾಗಾಗಿ ಅದನ್ನು ಊಟದ ಮೇಲೆ ಉದುರಿಸಿಕೊಳ್ಳುವ ಬದಲಿ ಉಪ್ಪಾಗಿ ಅಮೆರಿಕದ ಅಂಗಡಿಗಳಲ್ಲಿ ಮಾರಲಾಯಿತು. ಎಷ್ಟು ಉದುರಿಸಿಕೊಳ್ಳಬೇಕು ಎಂಬುದಕ್ಕೆ ಮಿತಿಯಿರಲಿಲ್ಲ.

1949ರ ಆರಂಭದಲ್ಲಿ ಕೈ ನಡುಗುವ, ತೂಕಡಿಸುವ, ತೂರಾಡುವ ರೋಗಿಗಳ ವರದಿಗಳು ಅಮೆರಿಕದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಕೆಲವರು ಸತ್ತಿದ್ದರು. ಸರಕಾರದ ಆಹಾರ ಮತ್ತು ಔಷಧ ಇಲಾಖೆ ತಕ್ಷಣ ಎಚ್ಚರಿಕೆ ನೀಡಿತು. ಬದಲಿ ಉಪ್ಪು ಅಂಗಡಿಗಳಿಂದ ಮಾಯವಾಯಿತು.

ಇಲ್ಲಿ ಆಗಿದ್ದೇನೆಂದು ಅರ್ಥ ಮಾಡಿಕೊಳ್ಳುವುದು ಮುಖ್ಯ, ಏಕೆಂದರೆ ನಮ್ಮ ಪ್ರಶ್ನೆಯ ಬೇರು ಇಲ್ಲಿದೆ. ಲಿಥಿಯಂ ಅನ್ನು ದೇಹ ಜೀರ್ಣಿಸಿ ಬೇರೆ ವಸ್ತುವಾಗಿ ಮಾರ್ಪಡಿಸುವುದಿಲ್ಲ. ಹೊಟ್ಟೆಗೆ ಹೋದದ್ದು ಹೋದ ಹಾಗೆಯೇ ಹೊರಬರಬೇಕು. ಅದಕ್ಕಿರುವ ಮುಖ್ಯ ದಾರಿ ಮೂತ್ರಪಿಂಡ ಮಾತ್ರ. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ಕಾಣುತ್ತದೆ. ದೇಹದಲ್ಲಿ ಉಪ್ಪು ಕಡಿಮೆಯಾದರೆ ಅದು ಸೋಡಿಯಂ ಅನ್ನು ಬಿಗಿಹಿಡಿಯುತ್ತದೆ, ಅದರೊಂದಿಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಬಿಟ್ಟ ರೋಗಿಗಳಿಗೆ, ಅದರಲ್ಲೂ ಮೂತ್ರಪಿಂಡ ದುರ್ಬಲವಾದವರಿಗೆ, ಮಿತಿಯಿಲ್ಲದೆ ಲಿಥಿಯಂ ಕೊಡುವುದೆಂದರೆ ಬಚ್ಚಲಿನ ತೂಬು ಮುಚ್ಚಿ ನಲ್ಲಿ ತಿರುಗಿಸಿಟ್ಟಂತೆ.

ಮೆಲ್ಬರ್ನಿನ ಯುದ್ಧಕೈದಿ

ಅದೇ 1949ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಜಾನ್ ಕೇಡ್ ಎಂಬ ಮನೋವೈದ್ಯರ ಪುಟ್ಟ ಲೇಖನ ಬಂತು. ಕೇಡ್ ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕಿ ಸಿಂಗಾಪುರದ ಚಾಂಗಿ ಸೆರೆಶಿಬಿರದಲ್ಲಿ ಮೂರೂವರೆ ವರ್ಷ ಕಳೆದಿದ್ದರು. ಬಿಡುಗಡೆಯ ನಂತರ ಮೆಲ್ಬರ್ನಿನ ಹೊರವಲಯದ ಬುಂಡೂರಾದಲ್ಲಿ ಮಾಜಿ ಸೈನಿಕರ ಮಾನಸಿಕ ಆಸ್ಪತ್ರೆಗೆ ಸೇರಿದರು. ಹಣವಿಲ್ಲ, ಸಹಾಯಕರಿಲ್ಲ. ಬಳಕೆಯಲ್ಲಿಲ್ಲದ ಅಡುಗೆ ಸಾಮಾನಿನ ಕೋಣೆಯೇ ಪ್ರಯೋಗಶಾಲೆ.

ಉನ್ಮಾದ ರೋಗಕ್ಕೆ ದೇಹದಲ್ಲಿ ಹುಟ್ಟುವ ಯಾವುದೋ ವಿಷ ಕಾರಣವಿರಬೇಕು, ಅದು ಮೂತ್ರದಲ್ಲಿ ಹೊರಬರುತ್ತಿರಬೇಕು ಎಂಬುದು ಕೇಡ್ ಅವರ ಊಹೆ. ರೋಗಿಗಳ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚಿ ಪರೀಕ್ಷಿಸಿದರು. ಯೂರಿಕ್ ಆಮ್ಲದ ಪಾತ್ರವೇನೆಂದು ತಿಳಿಯಲು ಅದರ ಕರಗುವ ರೂಪವೊಂದು ಬೇಕಾಗಿತ್ತು. ಗ್ಯಾರೋಡನ ಕಾಲದಿಂದಲೂ ಗೊತ್ತಿದ್ದ ಲಿಥಿಯಂ ಮತ್ತೆ ಕೈಗೆ ಬಂತು. ಅದನ್ನು ಚುಚ್ಚಿದ ಗಿನಿಯಿಲಿಗಳು ಎಚ್ಚರವಾಗಿದ್ದೂ ಮಂಕಾಗಿ ಬಿದ್ದುಕೊಂಡವು. ಅದು ಶಾಂತಿಯಲ್ಲ, ವಿಷದ ಪರಿಣಾಮ ಇದ್ದಿರಬಹುದು ಎಂದು ನಂತರದವರು ಹೇಳಿದ್ದಾರೆ. ಅಂದರೆ ಮತ್ತೊಮ್ಮೆ ತಪ್ಪು ದಾರಿಯಲ್ಲಿ ಸರಿಯಾದ ಊರು!

ಕೇಡ್ ಮೊದಲು ತಾವೇ ಲಿಥಿಯಂ ಸೇವಿಸಿ ನೋಡಿದರು. ನಂತರ 1948ರ ಮಾರ್ಚ್ ಕೊನೆಯಲ್ಲಿ, ಐದು ವರ್ಷಗಳಿಂದ ಉನ್ಮಾದದಲ್ಲಿದ್ದ 51 ವರ್ಷದ ರೋಗಿಗೆ ಕೊಟ್ಟರು. ಯಾರ ಹಿಡಿತಕ್ಕೂ ಸಿಗದಿದ್ದ ಆ ಮನುಷ್ಯ ಕೆಲವೇ ವಾರಗಳಲ್ಲಿ ಶಾಂತನಾದ. ಜುಲೈಯಲ್ಲಿ ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಹತ್ತು ಮಂದಿ ಉನ್ಮಾದ ರೋಗಿಗಳಲ್ಲಿ ಕಂಡ ಫಲವನ್ನು ಕೇಡ್ ಬರೆದರು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದಕ್ಕೊಂದು ಉತ್ತರಾರ್ಧವಿದೆ. ಮನೆಗೆ ಹೋದ ರೋಗಿ ಮದ್ದು ಬಿಟ್ಟ, ಕಾಯಿಲೆ ಮರಳಿತು. ಮತ್ತೆ ಲಿಥಿಯಂ ಆರಂಭವಾಯಿತು. ವಿಷವೇರಿತು, ನಿಲ್ಲಿಸಿದರು. ಉನ್ಮಾದ ಹೆಚ್ಚಿತು, ಮತ್ತೆ ಕೊಟ್ಟರು. 1950ರ ಮೇ ತಿಂಗಳಲ್ಲಿ ಲಿಥಿಯಂ ವಿಷದಿಂದಲೇ ಆತ ತೀರಿಕೊಂಡ. ಕೇಡ್ ತಮ್ಮ ಆಸ್ಪತ್ರೆಯಲ್ಲಿ ಲಿಥಿಯಂ ಬಳಕೆಯನ್ನೇ ಕೈಬಿಟ್ಟರು. ಯಾರನ್ನು ಮದ್ದು ಮೊದಲು ಬದುಕಿಸಿತೋ ಅವನನ್ನೇ ಅದು ಕೊಂದಿತ್ತು. ರೋಗಿಯ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ತಿಳಿಯುವ ಉಪಾಯ ಕೇಡ್ ಅವರ ಕೈಯಲ್ಲಿರಲಿಲ್ಲ.

ಅಳತೆಗೋಲು ಸಿಕ್ಕಿತು

ಆ ಉಪಾಯವನ್ನು ಒದಗಿಸಿದ್ದು ಅದೇ ನಗರದ ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರೌಟ್ನರ್ ಮತ್ತು ಅವರ ಸಂಗಡಿಗರು. ಜ್ವಾಲೆಯ ಬಣ್ಣದಿಂದ ಲೋಹದ ಪ್ರಮಾಣ ತಿಳಿಯುವ ಫ್ಲೇಮ್ ಫೋಟೋಮೀಟರ್ ಎಂಬ ಉಪಕರಣದಿಂದ ಅವರು ರಕ್ತದಲ್ಲಿನ ಲಿಥಿಯಂ ಅಳೆದರು. 1951ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ಅನುಭವವನ್ನು ಪ್ರಕಟಿಸಿದರು. ಅಳೆದು ಕೊಟ್ಟರೆ ಲಿಥಿಯಂ ಅನ್ನು ಸುರಕ್ಷಿತವಾಗಿ ಬಳಸಬಹುದು ಎಂಬುದು ಇವರಿಂದ ಸಿದ್ಧವಾಯಿತು. ಲಿಥಿಯಂ ಕಂಡುಹಿಡಿದವರೆಂದು ಕೇಡ್ ಅವರ ಹೆಸರು ಎಲ್ಲರಿಗೂ ಗೊತ್ತು, ಅದನ್ನು ಬಳಸುವಂತೆ ಮಾಡಿದ ಟ್ರೌಟ್ನರ್ ಹೆಸರು ಬಹಳ ಮಂದಿಗೆ ಗೊತ್ತಿಲ್ಲ.

ಮುಂದಿನ ಅಧ್ಯಾಯ ಡೆನ್ಮಾರ್ಕಿನ ಆರ್ಹುಸ್ ನಗರದ್ದು. ಅಲ್ಲಿನ ಮನೋವೈದ್ಯ ಮೊಗೆನ್ಸ್ ಶೌ 1954ರಲ್ಲಿ ಉನ್ಮಾದದ ರೋಗಿಗಳಲ್ಲಿ ಲಿಥಿಯಂ ಅನ್ನು ಕ್ರಮಬದ್ಧ ಪರೀಕ್ಷೆಗೆ ಒಡ್ಡಿದರು. ಶೌ ಅವರ ಸಹೋದರನನ್ನು ಖಿನ್ನತೆ ವರ್ಷ ವರ್ಷವೂ ಕಾಡುತ್ತಿತ್ತು. ಲಿಥಿಯಂ ಆರಂಭವಾದ ಮೇಲೆ ಅದು ನಿಂತಿತು. ಹೀಗಾಗಿ ಕಾಯಿಲೆಯನ್ನು ಇಳಿಸುವುದಷ್ಟೇ ಅಲ್ಲ, ಅದು ಮರುಕಳಿಸದಂತೆ ತಡೆಯುವ ಶಕ್ತಿಯೂ ಲಿಥಿಯಂಗಿದೆಯೇ ಎಂಬುದು ಅವರ ಮುಖ್ಯ ಪ್ರಶ್ನೆಯಾಯಿತು. 1967ರಲ್ಲಿ ಪೌಲ್ ಬಾಸ್ಟ್ರುಪ್ ಜೊತೆ 88 ರೋಗಿಗಳ ಅಧ್ಯಯನ ಪ್ರಕಟಿಸಿ ಹೌದೆಂದರು. ಲಂಡನ್ನಿನ ಬ್ಲ್ಯಾಕ್‌ವೆಲ್ ಮತ್ತು ಶೆಫರ್ಡ್ ಮರುವರ್ಷವೇ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಇನ್ನೊಂದು ವೈದ್ಯಕೀಯ ಮಿಥ್ಯೆಯಲ್ಲವೇ ಎಂದು ಕಟುವಾಗಿ ಪ್ರಶ್ನಿಸಿದರು. ಉತ್ತರವಾಗಿ ಡೆನ್ಮಾರ್ಕಿನವರು 84 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಿಥಿಯಂ ಮುಂದುವರಿಸಿ ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. ಐದು ತಿಂಗಳಲ್ಲಿ ಹುಸಿ ಮಾತ್ರೆಯ 39 ಮಂದಿಯಲ್ಲಿ 21 ಮಂದಿಗೆ ಕಾಯಿಲೆ ಮರುಕಳಿಸಿತು. ಲಿಥಿಯಂ ಮುಂದುವರಿಸಿದ 45 ಮಂದಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಇವರಲ್ಲಿ ಉನ್ಮಾದವಿಲ್ಲದೆ ಖಿನ್ನತೆ ಮಾತ್ರ ಪದೇ ಪದೇ ಬರುವವರೂ ಇದ್ದರು. 1970ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ಅಮೆರಿಕ ಉನ್ಮಾದ ರೋಗಕ್ಕೆ ಲಿಥಿಯಂ ಬಳಕೆಗೆ ಅನುಮತಿ ನೀಡಿತು. ಬದಲಿ ಉಪ್ಪಿನ ಸಾವುಗಳ ನೆನಪು ಅಳಿಯಲು ಎರಡು ದಶಕ ಬೇಕಾಯಿತು.

ಕೇವಲ ಖಿನ್ನತೆಯ ರೋಗಿಗಳಲ್ಲಿ ಲಿಥಿಯಂನ ಇನ್ನೊಂದು ಪ್ರಯೋಜನವನ್ನು 1981ರಲ್ಲಿ ಕೆನಡಾದ ಕ್ಲಾಡ್ ಡಿ ಮಾಂಟಿನಿ ತಂಡ ತೋರಿಸಿತು. ಖಿನ್ನತೆಯ ಮಾತ್ರೆ ಫಲ ಕೊಡದಿದ್ದ ಎಂಟು ಮಂದಿಗೆ ಅದರ ಜೊತೆ ಲಿಥಿಯಂ ಸೇರಿಸಿದಾಗ ಬೇಗನೆ ಗುಣ ಕಂಡಿತು. ಇಂದು ವೃದ್ಧರ ಹಟಮಾರಿ ಖಿನ್ನತೆಗೆ ಲಿಥಿಯಂ ಕೊಡುವ ಕ್ರಮ ಇಲ್ಲಿಂದ ಬಂದದ್ದು.

ಆರ್ಹುಸ್‌ನಿಂದಲೇ ಬಂದ ಕೆಟ್ಟ ಸುದ್ದಿ

ಲಿಥಿಯಂನ ಕೀರ್ತಿ ಹರಡಿದ್ದು ಆರ್ಹುಸ್‌ನಿಂದ. ಅದರ ಮೇಲಿನ ದೊಡ್ಡ ಆರೋಪ ಬಂದದ್ದೂ ಅಲ್ಲಿಂದಲೇ. 1977ರಲ್ಲಿ ಹೆಸ್ಟ್‌ಬೆಕ್ ಮತ್ತು ಸಂಗಡಿಗರು ದೀರ್ಘಕಾಲ ಲಿಥಿಯಂ ಸೇವಿಸಿದ 14 ರೋಗಿಗಳ ಮೂತ್ರಪಿಂಡದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಶಾಶ್ವತ ಗಾಯದ ಗುರುತುಗಳಿವೆ ಎಂದು ವರದಿ ಮಾಡಿದರು. ಈ ತಂಡದಲ್ಲಿ ಶೌ ಅವರ ಸಹೋದ್ಯೋಗಿ ಅಮ್ಡಿಸೆನ್ ಕೂಡ ಇದ್ದರು. ತಮ್ಮದೇ ಸಾಧನೆಯ ದೋಷವನ್ನು ತಾವೇ ಹುಡುಕಿ ಜಗತ್ತಿಗೆ ಹೇಳಿದ ಈ ಪ್ರಾಮಾಣಿಕತೆ ಗಮನಾರ್ಹ.

ವರದಿ ಗಾಬರಿ ಹುಟ್ಟಿಸಿತು. ಹಲವೆಡೆ ವೈದ್ಯರು ಲಿಥಿಯಂ ನಿಲ್ಲಿಸಿದರು. ಆದರೆ ಆ 14 ಮಂದಿ ಸಾಮಾನ್ಯ ರೋಗಿಗಳಾಗಿರಲಿಲ್ಲ. ಅವರು ಒಮ್ಮೆ ಲಿಥಿಯಂ ವಿಷಕ್ಕೆ ತುತ್ತಾದವರು, ಇಲ್ಲವೇ ಅತಿಮೂತ್ರದಿಂದ ಬಳಲುತ್ತಿದ್ದವರು. ನಂತರ ಲಿಥಿಯಂ ಮುಟ್ಟದ ಮನೋರೋಗಿಗಳ ಮೂತ್ರಪಿಂಡಗಳನ್ನು ನೋಡಿದಾಗ ಅಲ್ಲಿಯೂ ಇಂಥ ಕೆಲವು ಗುರುತುಗಳು ಕಂಡವು. ಆರೋಪ ಸುಳ್ಳಾಗಲಿಲ್ಲ, ಅದರ ಗಾತ್ರ ಮಾತ್ರ ಚರ್ಚೆಗೆ ಬಂತು.

ಮೂತ್ರಪಿಂಡದೊಳಗೆ ನಡೆಯುವುದು ಎರಡು ಬಗೆಯ ತೊಂದರೆ. ಮೊದಲನೆಯದು ಸಾಮಾನ್ಯ: ನೀರನ್ನು ಹಿಡಿದಿಡುವ ಶಕ್ತಿ ಕುಂದುವುದು. ಮೂತ್ರನಾಳಿಕೆಗಳ ಕೊನೆಯ ಭಾಗದ ಜೀವಕೋಶಗಳಿಗೆ ಲಿಥಿಯಂ ನುಗ್ಗಿ, ನೀರನ್ನು ಮರಳಿ ಹೀರುವ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ರೋಗಿಗೆ ಬಾಯಾರಿಕೆ, ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವ ಕಷ್ಟ. ಎರಡನೆಯದು ಅಪರೂಪದ್ದು ಮತ್ತು ನಿಧಾನದ್ದು: ಹತ್ತು ಇಪ್ಪತ್ತು ವರ್ಷಗಳ ಸೇವನೆಯಲ್ಲಿ ರಕ್ತ ಸೋಸುವ ಶಕ್ತಿಯೇ ಇಳಿಯುವುದು. ಇದು ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ಅಂಕಿಅಂಶಗಳ ಮಾತು

2012ರಲ್ಲಿ 'ದಿ ಲ್ಯಾನ್ಸೆಟ್' ಪ್ರಕಟಿಸಿದ ಸಮೀಕ್ಷೆಯೊಂದು ಅಂದಿನವರೆಗಿನ 385 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಲಿಥಿಯಂ ಸೇವಿಸಿದ 3,369 ಮಂದಿಯಲ್ಲಿ ಡಯಾಲಿಸಿಸ್ ಅಥವಾ ಕಿಡ್ನಿ ಕಸಿಯ ಹಂತಕ್ಕೆ ಹೋದವರು 18 ಮಂದಿ, ಅಂದರೆ ನೂರಕ್ಕೆ ಅರ್ಧ. ಸಾಮಾನ್ಯ ಜನರಲ್ಲಿನ ಪ್ರಮಾಣಕ್ಕಿಂತ ಇದು ಹೆಚ್ಚು, ಆದರೆ ಜನ ಹೆದರುವಷ್ಟಲ್ಲ.

ಸ್ವೀಡನ್ನಿನಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ಹತ್ತರಿಂದ ಮೂವತ್ತು ವರ್ಷ ಲಿಥಿಯಂ ತೆಗೆದುಕೊಂಡ 630 ಮಂದಿಯನ್ನು ಗಮನಿಸಿತು. ಸುಮಾರು ಮೂರರಲ್ಲಿ ಒಂದು ಪಾಲು ಜನರ ಮೂತ್ರಪಿಂಡದ ಶಕ್ತಿ ಕುಂದಿತ್ತು. ತೀವ್ರವಾಗಿ ಕುಂದಿದ್ದು ನೂರಕ್ಕೆ ಐವರಲ್ಲಿ. ಅದೇ ವರ್ಷ ಬ್ರಿಟನ್ನಿನ ಆಕ್ಸ್‌ಫರ್ಡ್ ಸಂಶೋಧಕರು ಲಿಥಿಯಂ ಸೇವಿಸುವವರಲ್ಲಿ ಕಿಡ್ನಿ ತೊಂದರೆಯ ಅಪಾಯ ಸುಮಾರು ಇಮ್ಮಡಿ ಎಂದರು. ರಕ್ತದಲ್ಲಿ ಲಿಥಿಯಂ ಮಟ್ಟ ಹೆಚ್ಚಿದ್ದವರಲ್ಲಿಯೇ ಹೆಚ್ಚು ಹಾನಿ ಎಂಬುದನ್ನೂ ತೋರಿಸಿದರು. ಅದೇ 2015ರಲ್ಲಿ ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ವಯಸ್ಸು, ಇತರ ಕಾಯಿಲೆ, ಇತರ ಔಷಧಿ, ಹಿಂದೆ ಆದ ವಿಷಪ್ರಸಂಗ - ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ, ಸ್ಥಿರವಾಗಿ ಲಿಥಿಯಂ ಸೇವಿಸುವವರ ಮೂತ್ರಪಿಂಡ ಬೇರೆಯವರದಕ್ಕಿಂತ ಬೇಗ ಕುಂದುವುದಿಲ್ಲ ಎಂದಿತು.

ಈ ಅಧ್ಯಯನಗಳು ಪರಸ್ಪರ ಜಗಳವಾಡುವಂತೆ ಕಂಡರೂ ಒಂದು ವಿಷಯದಲ್ಲಿ ಅವು ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ಹಾನಿ ಎಲ್ಲರಿಗೂ ಒಂದೇ ಸಮ ಹಂಚಿಲ್ಲ. ಹೆಚ್ಚಿನ ಮಟ್ಟ, ಪದೇ ಪದೇ ಏರುವ ವಿಷ, ಮೊದಲೇ ಇರುವ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ದಶಕಗಳ ಸೇವನೆ - ಇವಿರುವಲ್ಲಿ ಹಾನಿ ಹೆಚ್ಚು. 1970ರ ದಶಕದಲ್ಲಿ ಲೀಟರಿಗೆ 0.8ರಿಂದ 1.2 ಮಿಲಿಮೋಲ್ ಮಟ್ಟ ಸಾಮಾನ್ಯವಾಗಿತ್ತು. ನಂತರ ಅದನ್ನು 0.6ರಿಂದ 0.8ಕ್ಕೆ ಇಳಿಸಲಾಯಿತು. ಸ್ವೀಡನ್ನಿನ ಇನ್ನೊಂದು ಅಧ್ಯಯನದ ಪ್ರಕಾರ, ಲಿಥಿಯಂನಿಂದ ಡಯಾಲಿಸಿಸ್ ಹಂತ ತಲುಪಿದವರೆಲ್ಲ 1980ಕ್ಕೆ ಮೊದಲು ಚಿಕಿತ್ಸೆ ಆರಂಭಿಸಿದ್ದವರು. ಅಳತೆ ಬಿಗಿಯಾದಂತೆ ಅಪಾಯ ಸಡಿಲವಾಗಿದೆ.

ಇಳಿವಯಸ್ಸಿನ ಲೆಕ್ಕ ಬೇರೆ

ಆದರೆ ವೃದ್ಧರ ವಿಷಯದಲ್ಲಿ ಇಷ್ಟಕ್ಕೇ ಸಮಾಧಾನಪಡುವಂತಿಲ್ಲ. ನಡುವಯಸ್ಸಿನ ನಂತರ ಮೂತ್ರಪಿಂಡದ ಸೋಸುವ ಶಕ್ತಿ ಯಾವ ಕಾಯಿಲೆ ಇಲ್ಲದಿದ್ದರೂ ವರ್ಷ ವರ್ಷವೂ ಸ್ವಲ್ಪ ಇಳಿಯುತ್ತದೆ. ಯುವಕನಿಗೆ ಸರಿಹೊಂದುವ ಪ್ರಮಾಣ ಎಪ್ಪತ್ತರವರಿಗೆ ವಿಷವಾಗಬಲ್ಲದು. ಅದಕ್ಕಾಗಿ ವೃದ್ಧರಲ್ಲಿ ಸಾಮಾನ್ಯವಾಗಿ 0.4ರಿಂದ 0.6ರ ಮಟ್ಟವನ್ನೇ ಗುರಿಯಾಗಿ ಇಟ್ಟುಕೊಳ್ಳುವಂತೆ ತಜ್ಞರು ಹೇಳುತ್ತಾರೆ.

ಇನ್ನೊಂದು ಅಪಾಯ ಬೇರೆ ಮಾತ್ರೆಗಳದ್ದು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಲಿಥಿಯಂ ಸೇವಿಸುತ್ತಿದ್ದ 10,615 ವೃದ್ಧರ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 413 ಮಂದಿ ಲಿಥಿಯಂ ವಿಷದಿಂದ ಕನಿಷ್ಠ ಒಮ್ಮೆ ಆಸ್ಪತ್ರೆ ಸೇರಿದ್ದರು. ಎಸಿಇ ತಡೆಗಾರಗಳೆಂಬ ಗುಂಪಿನ ರಕ್ತದೊತ್ತಡದ ಮಾತ್ರೆ ಹೊಸದಾಗಿ ಆರಂಭಿಸಿದ ಒಂದು ತಿಂಗಳೊಳಗೆ ಅಪಾಯ ಏಳು ಪಟ್ಟಿಗೂ ಮೀರಿತ್ತು. ಮೈಯ ನೀರಿಳಿಸುವ ಕೆಲವು ಮಾತ್ರೆಗಳನ್ನು ಆರಂಭಿಸಿದಾಗ ಐದು ಪಟ್ಟು ಮೀರಿತ್ತು. ಮಂಡಿ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಮನೋವೈದ್ಯರು ಒಬ್ಬರು, ಬಿಪಿ ನೋಡುವವರು ಇನ್ನೊಬ್ಬರು, ನೋವಿನ ಮಾತ್ರೆ ಕೊಡುವವನು ಔಷಧಿ ಅಂಗಡಿಯವ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಮ್ಮ ಮನೆಗಳ ಚಿತ್ರ ಇದೇ ತಾನೆ?

ಹಾಗಾದರೆ ವೃದ್ಧರಿಗೆ ಇದರ ಗೊಡವೆಯೇ ಬೇಡ ಎನ್ನಬಹುದೇ? ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ತೀವ್ರ ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದು ಗುಣವಾದವರ ಬಗ್ಗೆ ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳೊಳಗೆ ಹುಸಿ ಮಾತ್ರೆಯವರಲ್ಲಿ ನೂರಕ್ಕೆ 84 ಮಂದಿಗೆ ಖಿನ್ನತೆ ಮರಳಿತು. ನಾರ್ಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆ ಮಾತ್ರ ಪಡೆದವರಲ್ಲಿ 60, ಅದರೊಂದಿಗೆ ಲಿಥಿಯಂ ಪಡೆದವರಲ್ಲಿ 39. ಆತ್ಮಹತ್ಯೆಯನ್ನು ತಡೆಯುವ ಶಕ್ತಿ ಲಿಥಿಯಂಗಿದೆ ಎಂದು 2013ರಲ್ಲಿ 48 ಪ್ರಯೋಗಗಳ ಸಮೀಕ್ಷೆ ಹೇಳಿತು. ಖಿನ್ನತೆ ಕೂಡ ಕೊಲ್ಲುವ ಕಾಯಿಲೆ ಎಂಬುದನ್ನು ಮರೆತು ಬರೀ ಮದ್ದಿನ ಅಪಾಯವನ್ನು ತೂಗುವುದು ಒಂಟಿ ತಟ್ಟೆಯ ತೂಕ.

ಲಿಥಿಯಂನ ಪರವಾಗಿಯೂ ಅತಿಯಾಗಿ ಹೇಳಬೇಕಿಲ್ಲ. 60 ವರ್ಷ ದಾಟಿದ, ಎರಡು ಮದ್ದುಗಳಿಗೂ ಬಗ್ಗದ ಖಿನ್ನತೆಯವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಮೆರಿಕನ್-ಕೆನಡಿಯನ್ ಪ್ರಯೋಗದ ಎರಡನೇ ಹಂತದಲ್ಲಿ, ಲಿಥಿಯಂ ಸೇರಿಸಿದವರಲ್ಲಿ ನೂರಕ್ಕೆ ಸುಮಾರು 19 ಮಂದಿ, ನಾರ್ಟ್ರಿಪ್ಟಿಲಿನ್‌ಗೆ ಬದಲಾಯಿಸಿದವರಲ್ಲಿ ಸುಮಾರು 21 ಮಂದಿ ಗುಣವಾದರು. ಐದರಲ್ಲಿ ಒಬ್ಬರು. ಪವಾಡವಲ್ಲ, ಬೇರೆಲ್ಲ ಸೋತ ಮೇಲೆ ಕಡೆಗಣಿಸುವಂಥದ್ದೂ ಅಲ್ಲ.

ಬೇಸಿಗೆ ಮತ್ತು ಉಪವಾಸ

ದೇಹದ ನೀರು ಮತ್ತು ಉಪ್ಪು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ ಎಂಬ 1949ರ ಪಾಠ ನಮ್ಮ ಹವೆಗೆ ಹೆಚ್ಚು ಅನ್ವಯಿಸುತ್ತದೆ. ಬೇಸಿಗೆಯ ಬೆವರು, ವಾಂತಿ ಭೇದಿ, ಜ್ವರ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು - ಎಲ್ಲವೂ ಅಪಾಯದ ಸಂದರ್ಭಗಳೇ.

ರಮಝಾನ್ ಉಪವಾಸದ ಪ್ರಶ್ನೆಯೂ ಇಲ್ಲಿ ಸಹಜವಾಗಿ ಬರುತ್ತದೆ. ಪಾಕಿಸ್ತಾನದ ಪೇಶಾವರದ ವೈದ್ಯರು ಲಿಥಿಯಂ ಸೇವಿಸುತ್ತ ಉಪವಾಸ ಆಚರಿಸಿದ 62 ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ವರದಿ ನೀಡಿದರು. ಅವರ ಲಿಥಿಯಂ ಮಟ್ಟದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಇದು ಸಮಾಧಾನದ ಸುದ್ದಿ. ಆದರೆ ಅವರು ಹೆಚ್ಚಾಗಿ ಕಿರಿಯ ವಯಸ್ಸಿನವರು, ವೈದ್ಯರ ನಿಗಾದಲ್ಲಿದ್ದವರು. ಎಪ್ಪತ್ತು ದಾಟಿದ, ಬಿಪಿ ಮಾತ್ರೆಯನ್ನೂ ನುಂಗುವ ಹಿರಿಯರಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ರೋಗಿಗಳಿಗೆ ಉಪವಾಸದಿಂದ ವಿನಾಯಿತಿಯನ್ನು ಕುರ್‌ಆನ್ ಸ್ಪಷ್ಟವಾಗಿ ನೀಡಿದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂದು ಒಪ್ಪಿಕೊಳ್ಳಲು ಹಿಂಜರಿಯುವವರು ಈ ವಿನಾಯಿತಿಯನ್ನು ಬಳಸಲೂ ಹಿಂಜರಿಯುತ್ತಾರೆ. ಉಪವಾಸ ಹಿಡಿಯುವ ನಿರ್ಧಾರವನ್ನಾಗಲಿ, ಅದಕ್ಕಾಗಿ ಮದ್ದು ನಿಲ್ಲಿಸುವ ನಿರ್ಧಾರವನ್ನಾಗಲಿ ವೈದ್ಯರನ್ನು ಕೇಳದೆ ಮಾಡಬಾರದು. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ರಭಸದಿಂದ ಮರಳಬಹುದು.

ಚರಿತ್ರೆಯ ತೀರ್ಪು

ಲಿಥಿಯಂ ದುಬಾರಿ ಮದ್ದಲ್ಲ. ಅದು ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ಭಾರತ ಸರಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಮಾತ್ರೆ ಸಣ್ಣ ಪಟ್ಟಣದಲ್ಲೂ ಸಿಕ್ಕೀತು, ಅದರ ಮಟ್ಟ ಅಳೆಯುವ ರಕ್ತ ಪರೀಕ್ಷೆ ಎಲ್ಲೆಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಿಜವಾದ ಅಪಾಯ ಇರುವುದು ಇಲ್ಲಿ. ಬ್ರಿಟನ್ನಿನ ಮಾರ್ಗಸೂಚಿ ವೃದ್ಧರಿಗೆ ಮೂರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟವನ್ನು ನೋಡುವಂತೆ ಹೇಳುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಮೂತ್ರಪಿಂಡ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಯೂ ಆಗಬೇಕು. ಕೈ ನಡುಕ ಹೆಚ್ಚಾದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ, ವಾಂತಿ ಭೇದಿ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ಮಾಡಲಾಗದ ಕಡೆ ಲಿಥಿಯಂ ಕೊಡದಿರುವುದೇ ಲೇಸು. ಇಷ್ಟನ್ನು ಮಾಡಬಲ್ಲ ಕಡೆ ಬರೀ ಭಯಕ್ಕಾಗಿ ಅದನ್ನು ನಿರಾಕರಿಸುವುದು ನ್ಯಾಯವಲ್ಲ.

ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಗೆ ಲಿಥಿಯಂನ ಚರಿತ್ರೆ ಒಂದು ತಿದ್ದುಪಡಿ ಸೂಚಿಸುತ್ತದೆ. ಎಷ್ಟು ಎಂಬುದು ಎಲ್ಲರಿಗೂ ಒಂದೇ ಅಲ್ಲ. ಅದು ಅವರವರ ವಯಸ್ಸಿಗೆ, ಅವರವರ ಮೂತ್ರಪಿಂಡಕ್ಕೆ, ಆಯಾ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದ ಹೃದ್ರೋಗಿಗಳು ಸತ್ತದ್ದು, ಕೇಡ್ ಅವರ ಮೊದಲ ರೋಗಿ ಸತ್ತದ್ದು ಅಳತೆ ಇಲ್ಲದ ಕಾಲದಲ್ಲಿ. ಇಂದು ಅಳತೆಗೋಲು ನಮ್ಮ ಕೈಯಲ್ಲಿದೆ. ಮನೆಯ ಹಿರಿಯರ ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಅವರ ರಕ್ತ ಪರೀಕ್ಷೆಯ ಚೀಟಿಯೂ ಇದೆಯೇ ಎಂದು ನೋಡುವ ಕೆಲಸ ಮಾತ್ರ ಮಕ್ಕಳದ್ದು, ಮೊಮ್ಮಕ್ಕಳದ್ದು.